ಗೋವಿನಜೋಳದ ದಿಂಡಿಗೂ ಒಂದು ಲೆಕ್ಕ ಬೇಕು

ಸುಗ್ಗಿಯ ದಿನಗಳಲ್ಲಿ ನಮ್ಮ ದುಂಡಸಿಯಿಂದ ಯಾವ ದಿಕ್ಕಿಗೆ ಹೊರಟರೂ ರಸ್ತೆಯ ಅರ್ಧ ಭಾಗ ಹಳದಿಯಾಗಿರುತ್ತದೆ. ಡಾಂಬರಿನ ಮೇಲೆ ಗೋವಿನಜೋಳ ಒಣಗಲು ಹಾಕಿರುತ್ತಾರೆ. ಬಸ್ಸು ಒಂದು ಕಡೆ ಸರಿದು ಹೋಗುತ್ತದೆ, ಯಾರೂ ಜಗಳ ಮಾಡುವುದಿಲ್ಲ. ನಮ್ಮ ಅಬ್ಬಾ ಈ ದಿನಗಳಲ್ಲಿ ರಾಶಿ ಮಷಿನ್ ಜೊತೆ ಊರಿಂದ ಊರಿಗೆ ತಿರುಗುತ್ತಾರೆ. ಮಷಿನ್ ಒಂದು ಬಾಯಿಂದ ಕಾಳು ಕೊಡುತ್ತದೆ, ಇನ್ನೊಂದು ಬಾಯಿಂದ ದಿಂಡು ಉಗುಳುತ್ತದೆ. ಕಾಳು ಚೀಲ ಸೇರುತ್ತದೆ. ದಿಂಡಿನ ಗುಡ್ಡೆ ಅಲ್ಲೇ ಉಳಿಯುತ್ತದೆ. ಸಂಜೆಯಾದ ಮೇಲೆ ಓಣಿಯ ಹೆಣ್ಣುಮಕ್ಕಳು ಖಾಲಿ ಚೀಲ ಹಿಡಿದು ಬಂದು ಅದನ್ನು ತುಂಬಿಕೊಂಡು ಹೋಗುತ್ತಾರೆ. ನಮ್ಮ ಮನೆಯ ಬಚ್ಚಲ ಒಲೆಯಲ್ಲಿ ನೀರು ಕಾಯುವುದೂ ಆ ದಿಂಡಿನಿಂದಲೇ.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಬ್ಯಾಕ್ಟೀರಿಯಾ, ಜೀನ್ ಎಂಬ ಪದಗಳು ಬಂದರೆ ‘ಅದು ಸೈನ್ಸ್‌ನವರ ವಿಷಯ’ ಎಂದು ಪುಟ ತಿರುಗಿಸುವವರ ಸಾಲಿನಲ್ಲಿ ನಾನೂ ಇದ್ದೆ. ಆದರೆ ವಿಜ್ಞಾನ ವಿಭಾಗದ ಗೆಳೆಯನೊಬ್ಬ, ‘ಮುಂದೆ ಈ ದಿಂಡಿನಿಂದ ಪೆಟ್ರೋಲಿಗೆ ಹಾಕುವ ಎಥೆನಾಲ್ ತೆಗೀತಾರೆ, ಅದಕ್ಕಂತನೇ ಜೀನ್ ಬದಲಿಸಿದ ಬ್ಯಾಕ್ಟೀರಿಯಾ ಅದಾವು’ ಎಂದಾಗ ನನ್ನ ತಲೆಯಲ್ಲಿ ಬಂದ ಮೊದಲ ಪ್ರಶ್ನೆ ಬ್ಯಾಕ್ಟೀರಿಯಾದ್ದಲ್ಲ. ‘ಹಾಗಾದರೆ ದಿಂಡಿಗೆ ರೊಕ್ಕ ಯಾರು ಕೊಡ್ತಾರೆ, ಯಾರಿಗೆ ಕೊಡ್ತಾರೆ?’ ಎಂಬುದು. ಈ ಲೇಖನ ಆ ಪ್ರಶ್ನೆಯ ಹಿಂದೆ ಹೋದದ್ದರ ಫಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ವಿಜ್ಞಾನ ನಮಗೆ ಬೇಕು, ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಅದರ ಲೆಕ್ಕದ ಪುಸ್ತಕವನ್ನು ಬೇರೆಯವರು ಬರೆದು ಮುಗಿಸುವ ಮೊದಲು ನಾವು ಓದಲು ಕಲಿಯಬೇಕು.

ಮೊದಲು ಈಗ ಏನು ನಡೆಯುತ್ತಿದೆ ಎಂದು ನೋಡೋಣ. ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಬೆರೆಸಿದರೆ ಅದಕ್ಕೆ ‘ಇ20’ ಎನ್ನುತ್ತಾರೆ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯಲ್ಲಿ ಈ ಗುರಿಯನ್ನು 2030ಕ್ಕೆ ಇಡಲಾಗಿತ್ತು. 2022ರಲ್ಲಿ ನೀತಿಗೆ ತಿದ್ದುಪಡಿ ತಂದು 2025-26ಕ್ಕೆ ಹಿಂದಕ್ಕೆ ತಂದರು. ಪ್ರಧಾನಿಯವರು ಇ20 ಮಾರಾಟಕ್ಕೆ ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. 2025ರಲ್ಲಿ ದೇಶ ಆ ಶೇ 20ರ ಗುರಿಯನ್ನು ಮುಟ್ಟಿತು. ಮೊದಲು ಎಥೆನಾಲ್ ಅಂದರೆ ಕಬ್ಬು, ಕಾಕಂಬಿ ಎಂದಷ್ಟೇ ಇತ್ತು. ಮಳೆ ಕೈಕೊಟ್ಟು ಸಕ್ಕರೆ ಕಡಿಮೆಯಾಗುವ ಭಯ ಬಂದಾಗ, 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ಕಬ್ಬಿನ ರಸದಿಂದ ಎಥೆನಾಲ್ ತೆಗೆಯುವುದಕ್ಕೆ ಕಡಿವಾಣ ಹಾಕಿತು. ಆಗ ಕಾರ್ಖಾನೆಗಳ ಕಣ್ಣು ಗೋವಿನಜೋಳದ ಮೇಲೆ ಬಿತ್ತು. ಈಗ ದೇಶದ ಎಥೆನಾಲಿನಲ್ಲಿ ಅದರದ್ದೇ ದೊಡ್ಡ ಪಾಲು.

ಹಾವೇರಿ ಜಿಲ್ಲೆ ರಾಜ್ಯದಲ್ಲಿ ಅತಿ ಹೆಚ್ಚು ಗೋವಿನಜೋಳ ಬೆಳೆಯುವ ಜಿಲ್ಲೆಗಳಲ್ಲಿ ಒಂದು. ನಮ್ಮ ಶಿಗ್ಗಾಂವಿ ತಾಲ್ಲೂಕಿನ ಕೋಣನಕೇರಿಯಲ್ಲೇ ಸಕ್ಕರೆ ಮತ್ತು ಎಥೆನಾಲ್ ಕಾರ್ಖಾನೆ ಇದೆ. ಅಂದರೆ ಇದು ದೆಹಲಿಯ ಸುದ್ದಿಯಲ್ಲ, ನಮ್ಮ ಬಸ್ಸಿನ ಕಿಟಕಿಯಿಂದ ಕಾಣುವ ಸುದ್ದಿ.

ಈಗ ಒಂದು ಸಣ್ಣ ಲೆಕ್ಕ. ಒಂದು ಟನ್ ಗೋವಿನಜೋಳದಿಂದ ಸುಮಾರು 380 ಲೀಟರ್ ಎಥೆನಾಲ್ ಬರುತ್ತದೆ. ಅಂದರೆ ಒಂದು ಕ್ವಿಂಟಲಿಗೆ 38 ಲೀಟರ್. 2024-25ರ ಸಾಲಿನಲ್ಲಿ ತೈಲ ಕಂಪನಿಗಳು ಗೋವಿನಜೋಳದ ಎಥೆನಾಲಿಗೆ ಕೊಟ್ಟ ದರ ಲೀಟರಿಗೆ 71 ರೂ. 86 ಪೈಸೆ. ಗುಣಿಸಿದರೆ ಒಂದು ಕ್ವಿಂಟಲ್ ಕಾಳಿನಿಂದ ಸುಮಾರು 2,730 ರೂಪಾಯಿಯ ಎಥೆನಾಲ್. ಜೊತೆಗೆ ಉಳಿಯುವ ಹಿಂಡಿ ಕೋಳಿ ಮತ್ತು ದನಗಳ ಆಹಾರವಾಗಿ ಮಾರಾಟವಾಗುತ್ತದೆ. 2025-26ರ ಹಂಗಾಮಿಗೆ ಕೇಂದ್ರ ಸರಕಾರ ಗೋವಿನಜೋಳಕ್ಕೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಆದರೆ 2025ರ ನವೆಂಬರ್‌ನಲ್ಲಿ ಪೇಟೆಯಲ್ಲಿ ಇದ್ದದ್ದು 1,600ರಿಂದ 1,800. ಪಕ್ಕದ ಲಕ್ಷ್ಮೇಶ್ವರದಲ್ಲಿ ರೈತರು ಉಪವಾಸ ಕುಳಿತರು. ಮುಖ್ಯಮಂತ್ರಿಯವರು ಪ್ರಧಾನಿಗೆ ಪತ್ರ ಬರೆದರು.

ಕಾರ್ಖಾನೆಯವರಿಗೆ ಖರ್ಚಿಲ್ಲ ಎಂದು ನಾನು ಹೇಳುತ್ತಿಲ್ಲ. ಉಗಿ, ವಿದ್ಯುತ್ತು, ಕಿಣ್ವ, ಸಾಲದ ಬಡ್ಡಿ, ಕೂಲಿ ಎಲ್ಲವೂ ಆ 2,730ರಲ್ಲೇ ಬರಬೇಕು. ಎಥೆನಾಲಿನ ಬೇಡಿಕೆ ಇಲ್ಲದಿದ್ದರೆ ಬೆಲೆ ಇನ್ನೂ ಕುಸಿಯುತ್ತಿತ್ತು ಎನ್ನುವವರ ಮಾತಿನಲ್ಲೂ ಹುರುಳಿದೆ. ಆದರೆ ಒಂದು ಮಾತು ಸ್ಪಷ್ಟ. ಮಾರುವ ಕಡೆ ಎಥೆನಾಲಿಗೆ ಸರಕಾರ ಗೊತ್ತುಮಾಡಿದ ದರ ಇತ್ತು, ಕೊಳ್ಳುವ ಕಡೆ ಕಾಳಿಗೆ ಕಾಗದದ ಮೇಲೆ ಮಾತ್ರ ದರ ಇತ್ತು. ಒಂದು ಕೈಯಲ್ಲಿ ಖಾತ್ರಿ, ಇನ್ನೊಂದು ಕೈಯಲ್ಲಿ ಅದೃಷ್ಟ. ಕಾಳಿನ ವಿಷಯದಲ್ಲಿ ಹೀಗಾದರೆ, ಬೆಲೆಯೇ ಇಲ್ಲದ ದಿಂಡು ಮತ್ತು ದಂಟಿನ ಗತಿ ಏನು?

ಇನ್ನೊಂದು ಕಷ್ಟವೂ ಇದೆ. ಕಾಳು ಆಹಾರ. ನಾವು ಗೋವಿನಜೋಳದ ರೊಟ್ಟಿ ತಿನ್ನುವುದು ಕಡಿಮೆಯಾದರೂ ಕೋಳಿ ಅದನ್ನೇ ತಿನ್ನುತ್ತದೆ, ನಾವು ಮೊಟ್ಟೆ ತಿನ್ನುತ್ತೇವೆ. 2024ರಲ್ಲಿ ಕಾಳು ಸಾಲದೆ ಮ್ಯಾನ್ಮಾರ್ ಮತ್ತು ಉಕ್ರೇನ್‌ನಿಂದ ಭಾರತ ಗೋವಿನಜೋಳ ತರಿಸಿಕೊಂಡಿತು. ಮರುವರ್ಷ ಬೆಲೆ ಬಿದ್ದು ನಮ್ಮ ರೈತ ಬೀದಿಗೆ ಬಂದ. ಆದ್ದರಿಂದಲೇ ವಿಜ್ಞಾನಿಗಳು ಬಹಳ ವರ್ಷಗಳಿಂದ ಒಂದು ಪ್ರಶ್ನೆ ಕೇಳುತ್ತಿದ್ದಾರೆ: ಕಾಳು ಬಿಟ್ಟು ದಂಟು, ದಿಂಡು, ಹುಲ್ಲಿನಿಂದ ಎಥೆನಾಲ್ ತೆಗೆಯಬಹುದೇ? ಅದಕ್ಕೆ ‘ಎರಡನೇ ತಲೆಮಾರಿನ’ ಅಥವಾ 2ಜಿ ಎಥೆನಾಲ್ ಎಂದು ಹೆಸರು. ಜೀನ್ ಬದಲಿಸಿದ ಬ್ಯಾಕ್ಟೀರಿಯಾ ಬರುವುದು ಇಲ್ಲಿ.

ನಮ್ಮ ಮನೆಯ ಉರ್ದುವಿನಲ್ಲಿ ಹುದುಗಿಗೆ ‘ಖಮೀರ್’ ಎನ್ನುತ್ತೇವೆ. ಇಡ್ಲಿ ಹಿಟ್ಟು ರಾತ್ರಿ ಉಬ್ಬುವುದು, ನಾನ್ ಹಿಟ್ಟು ಮೃದುವಾಗುವುದು ಖಮೀರಿನಿಂದ. ಕಣ್ಣಿಗೆ ಕಾಣದ ಜೀವಿಗಳು ಸಕ್ಕರೆ ತಿಂದು ಬೇರೇನನ್ನೋ ಬಿಡುವುದೇ ಹುದುಗುವಿಕೆ. ಯೀಸ್ಟ್ ಸಕ್ಕರೆ ತಿಂದರೆ ಎಥೆನಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. 180 ಗ್ರಾಂ ಗ್ಲೂಕೋಸ್ ಪೂರ್ತಿ ಹುದುಗಿದರೆ 92 ಗ್ರಾಂ ಎಥೆನಾಲ್, 88 ಗ್ರಾಂ ಅನಿಲ. ಜಮಾ-ಖರ್ಚು ಎರಡೂ ಕಡೆ ಸರಿಹೊಂದುವ ಈ ಸಮೀಕರಣ ನನಗೆ ಬಹಳ ಇಷ್ಟವಾಯಿತು. ಸೈನ್ಸ್‌ನವರೂ ಬ್ಯಾಲೆನ್ಸ್ ಶೀಟ್ ಬರೆಯುತ್ತಾರೆ!

ಕಾಳಿನಲ್ಲಿ ಪಿಷ್ಟ ಇದೆ. ಅದನ್ನು ಸುಲಭವಾಗಿ ಗ್ಲೂಕೋಸ್ ಮಾಡಬಹುದು, ಯೀಸ್ಟ್ ಅದನ್ನು ಖುಷಿಯಿಂದ ತಿನ್ನುತ್ತದೆ. ದಿಂಡಿನಲ್ಲಿ ಹಾಗಿಲ್ಲ. ಅಲ್ಲಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್ ಎಂಬ ಮೂರು ಪದಾರ್ಥಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಗೋಡೆಯಲ್ಲಿ ಕಲ್ಲು, ಮಣ್ಣು, ಗಾರೆ ಇದ್ದ ಹಾಗೆ. ಮೊದಲು ಆಮ್ಲ, ಉಗಿ, ಕಿಣ್ವ ಬಳಸಿ ಆ ಗೋಡೆ ಒಡೆಯಬೇಕು. ಒಡೆದ ಮೇಲೂ ತೊಂದರೆ. ದಿಂಡಿನ ಸುಮಾರು ಮೂರನೇ ಒಂದು ಭಾಗ ಹೆಮಿಸೆಲ್ಯುಲೋಸ್. ಅದರಿಂದ ಮುಖ್ಯವಾಗಿ ಬರುವ ಸಕ್ಕರೆ ಝೈಲೋಸ್. ನಮ್ಮ ಸಾಮಾನ್ಯ ಯೀಸ್ಟ್ ಝೈಲೋಸ್ ಮುಟ್ಟುವುದೇ ಇಲ್ಲ. ತಟ್ಟೆಯಲ್ಲಿ ಅನ್ನ ತಿಂದು ಪಲ್ಯ ಹಾಗೇ ಬಿಟ್ಟ ಮಗುವಿನಂತೆ.

ಈ ಸಮಸ್ಯೆಗೆ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಲಾನಿ ಇಂಗ್ರಾಮ್ ಅವರ ತಂಡ 1980ರ ದಶಕದಲ್ಲಿ ಒಂದು ದಾರಿ ಹುಡುಕಿತು. ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಝೈಲೋಸನ್ನೂ ತಿನ್ನುತ್ತದೆ, ಆದರೆ ಎಥೆನಾಲ್ ಬಹಳ ಕಡಿಮೆ ಕೊಡುತ್ತದೆ. ಝೈಮೊಮೊನಾಸ್ ಮೊಬಿಲಿಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಎಥೆನಾಲ್ ಮಾಡುವುದರಲ್ಲಿ ಬಹಳ ಜಾಣ, ಆದರೆ ಝೈಲೋಸ್ ತಿನ್ನುವುದಿಲ್ಲ. ಎರಡನೆಯದರ ಎಥೆನಾಲ್ ಮಾಡುವ ಎರಡು ಜೀನ್‌ಗಳನ್ನು ತೆಗೆದು ಮೊದಲನೆಯದರಲ್ಲಿ ಸೇರಿಸಿದರು. ಹಸಿವು ಒಬ್ಬರದು, ಕಸುಬು ಇನ್ನೊಬ್ಬರದು. ಈ ಕೆಲಸಕ್ಕೆ 1991ರ ಮಾರ್ಚ್‌ನಲ್ಲಿ ಅಮೆರಿಕ ಕೊಟ್ಟ ಪೇಟೆಂಟಿನ ಸಂಖ್ಯೆ 50,00,000. ಸರಿಯಾಗಿ ಐವತ್ತು ಲಕ್ಷದ ಪೇಟೆಂಟ್! ನಮ್ಮ ದೇಶದಲ್ಲೂ ಈ ಕೆಲಸ ನಡೆದಿದೆ. ದೆಹಲಿಯ ಐಸಿಜಿಇಬಿ ಸಂಸ್ಥೆಯಲ್ಲಿ ಸೈಯದ್ ಶಮ್ಸ್ ಯಜ್ದಾನಿ ಅವರ ತಂಡ ಇ. ಕೋಲೈನ ಸ್ವಂತ ಜೀನ್‌ಗಳ ಕೆಲಸವನ್ನೇ ತಿದ್ದಿ ಅದು ಹೆಚ್ಚು ಎಥೆನಾಲ್ ಕೊಡುವಂತೆ ಮಾಡಿ 2012ರಲ್ಲಿ ಪ್ರಕಟಿಸಿತು. ನಮ್ಮ ಕಾಲೇಜಿನ ವಿಜ್ಞಾನ ವಿಭಾಗದವರು ಈ ಹೆಸರನ್ನು ನೆನಪಿಡಲಿ ಎಂದು ಬರೆಯುತ್ತಿದ್ದೇನೆ.

‘ಜೀನ್ ಬದಲಿಸಿದ್ದು’ ಎಂದ ಕೂಡಲೇ ನಮ್ಮಲ್ಲಿ ಅನೇಕರಿಗೆ ಭಯ. ಅದು ಸುಮ್ಮನೆ ಬಂದದ್ದಲ್ಲ. 1998ರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನಾಯಕತ್ವದಲ್ಲಿ ರೈತ ಸಂಘದವರು ರಾಯಚೂರು, ಬಳ್ಳಾರಿ ಭಾಗದಲ್ಲಿ ಬಿಟಿ ಹತ್ತಿಯ ಪ್ರಯೋಗದ ಹೊಲಗಳಿಗೆ ಬೆಂಕಿ ಇಟ್ಟಿದ್ದರು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು, ಈಗ ನಮ್ಮ ಸುತ್ತ ಬೆಳೆಯುವ ಹತ್ತಿ ಬಹುಪಾಲು ಅದೇ. ಆ ಜಗಳದಲ್ಲಿ ಯಾರು ಸರಿ ಎಂದು ನಾನಿಲ್ಲಿ ಹೇಳಹೊರಟಿಲ್ಲ. ಆದರೆ ಹೊಲದಲ್ಲಿ ಬಿತ್ತುವ ಬೀಜಕ್ಕೂ, ಮುಚ್ಚಿದ ಉಕ್ಕಿನ ಟ್ಯಾಂಕಿನಲ್ಲಿ ಕೆಲಸ ಮಾಡುವ ಬ್ಯಾಕ್ಟೀರಿಯಾಕ್ಕೂ ವ್ಯತ್ಯಾಸವಿದೆ.

ಇದನ್ನು ನಾನು ಪುಸ್ತಕದಿಂದಲ್ಲ, ನಮ್ಮ ಮನೆಯ ಫ್ರಿಜ್ಜಿನಿಂದ ಕಲಿತೆ. ನನ್ನ ನಾನಿ ದಿನಾ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಮನುಷ್ಯರ ಇನ್ಸುಲಿನ್ ಜೀನನ್ನು ಇ. ಕೋಲೈಗೆ ಸೇರಿಸಿ ತಯಾರಿಸಿದ ಇನ್ಸುಲಿನ್‌ಗೆ ಅಮೆರಿಕದಲ್ಲಿ 1982ರಲ್ಲೇ ಅನುಮತಿ ಸಿಕ್ಕಿತ್ತು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಜೀನ್ ಬದಲಿಸಿದ ಯೀಸ್ಟಿನಿಂದ ಮಾಡಿದ ಇನ್ಸುಲಿನ್ ಮಾರುಕಟ್ಟೆಗೆ ತಂದಿತು. ಅಂದರೆ ಈ ತಂತ್ರ ನಮ್ಮ ಮನೆಗೆ ಬಂದು ಎಷ್ಟೋ ವರ್ಷವಾಗಿದೆ, ನಮಗೆ ಪರಿಚಯ ಮಾಡಿಕೊಳ್ಳಲು ತಡವಾಗಿದೆ ಅಷ್ಟೇ. ಇಂಥ ಜೀವಿಗಳನ್ನು ಬಳಸಲು ನಮ್ಮ ದೇಶದಲ್ಲಿ 1989ರ ನಿಯಮಗಳಿವೆ, ಅನುಮತಿ ಕೊಡುವ ಸಮಿತಿಗಳಿವೆ. ಟ್ಯಾಂಕಿನಿಂದ ಹೊರಬರುವ ನೀರಿನಲ್ಲಿ ಜೀವಂತ ಬ್ಯಾಕ್ಟೀರಿಯಾ ಉಳಿಯದಂತೆ ಅದನ್ನು ಕೊಂದು ಹೊರಬಿಡಬೇಕು. ಅದು ಆಗುತ್ತಿದೆಯೇ ಎಂದು ಕೇಳುವುದು ಭಯವಲ್ಲ, ಹಕ್ಕು.

ಮನೆಯಲ್ಲಿ ನಾನು ಇದನ್ನೆಲ್ಲ ಹೇಳಿದಾಗ ಅಮ್ಮಿ ರೊಟ್ಟಿ ಮಗುಚುತ್ತಲೇ ಕೇಳಿದರು: ‘ಯೇ ದಾರೂಚ್ ಹೈ ನಾ?’ ಇದು ಸಾರಾಯಿಯೇ ಅಲ್ಲವೇ ಎಂದು. ನಮ್ಮಂಥ ಮನೆಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ, ಅದನ್ನು ಮುಚ್ಚಿಡಬಾರದು. ರಾಸಾಯನಿಕವಾಗಿ ಎಥೆನಾಲ್ ಎಥೆನಾಲೇ. ಆದರೆ ಇಂಧನಕ್ಕೆ ಹೋಗುವುದನ್ನು ಕುಡಿಯಲು ಬಾರದಂತೆ ಬೇರೆ ಪದಾರ್ಥ ಬೆರೆಸಿ ಕೆಡಿಸುತ್ತಾರೆ. ಅದು ಗಾಡಿಯ ಹೊಟ್ಟೆಗೆ, ಮನುಷ್ಯರ ಹೊಟ್ಟೆಗಲ್ಲ. ಆ ಕಾರ್ಖಾನೆಯ ನೌಕರಿಯ ಬಗ್ಗೆ, ವ್ಯಾಪಾರದ ಬಗ್ಗೆ ಧರ್ಮದ ತೀರ್ಪು ಹೇಳುವಷ್ಟು ಓದು ನನಗಿಲ್ಲ. ಬಲ್ಲ ಹಿರಿಯರನ್ನು ಕೇಳಬೇಕು. ನಾನು ಹೇಳಬಲ್ಲದ್ದು ಇಷ್ಟೇ: ಇಸ್ರಾಫ್, ಅಂದರೆ ದುಂದು ಮಾಡಬಾರದು, ತೂಕದಲ್ಲಿ ಮೋಸ ಮಾಡಬಾರದು ಎಂದು ನಾವೆಲ್ಲ ಚಿಕ್ಕಂದಿನಿಂದ ಕೇಳಿ ಬೆಳೆದಿದ್ದೇವೆ. ಈ ಎರಡು ಮಾತು ನನ್ನ ಮುಂದಿನ ವಾದಕ್ಕೆ ಸಾಕು.

ಈಗ ನಿಜವಾದ ಪ್ರಶ್ನೆಗೆ ಬರೋಣ. ಬ್ಯಾಕ್ಟೀರಿಯಾ ಸಿದ್ಧವಾಗಿ ಇಷ್ಟು ವರ್ಷವಾದರೂ ದಿಂಡಿನ ಪೆಟ್ರೋಲು ಎಲ್ಲಿ?

ಅಮೆರಿಕದ ಅಯೋವಾ ರಾಜ್ಯದಲ್ಲಿ ನೆವಾಡಾ ಎಂಬ ಒಂದು ಸಣ್ಣ ಊರಿದೆ. ಸುತ್ತಲೂ ಗೋವಿನಜೋಳದ ಹೊಲ. ಅಲ್ಲಿ ಡ್ಯೂಪಾಂಟ್ ಕಂಪನಿ ಗೋವಿನಜೋಳದ ದಂಟು-ದಿಂಡಿನಿಂದ ಎಥೆನಾಲ್ ಮಾಡುವ ದೊಡ್ಡ ಕಾರ್ಖಾನೆಯನ್ನು 2015ರ ಅಕ್ಟೋಬರ್‌ನಲ್ಲಿ ಉದ್ಘಾಟಿಸಿತು. ವರ್ಷಕ್ಕೆ 3 ಕೋಟಿ ಗ್ಯಾಲನ್, ಅಂದರೆ ಸುಮಾರು 11 ಕೋಟಿ ಲೀಟರ್ ಅದರ ಸಾಮರ್ಥ್ಯ. ಸುಮಾರು 500 ರೈತರಿಂದ ದಂಟು ಕೊಳ್ಳುವ ಯೋಜನೆ. ಎರಡೂ ಸಕ್ಕರೆ ತಿನ್ನುವಂತೆ ಜೀನ್ ಬದಲಿಸಿದ ಝೈಮೊಮೊನಾಸ್ ಬ್ಯಾಕ್ಟೀರಿಯಾವೇ ಅಲ್ಲಿನ ಕೆಲಸಗಾರ. ಎರಡು ವರ್ಷ ಕಳೆಯಿತು. 2017ರಲ್ಲಿ ಕಂಪನಿ ಕಾರ್ಖಾನೆಯನ್ನು ಮಾರಾಟಕ್ಕಿಟ್ಟಿತು. ಮರುವರ್ಷ ಜರ್ಮನಿಯ ವರ್ಬಿಯೋ ಕಂಪನಿ ಅದನ್ನು ಕೊಂಡು ಜೈವಿಕ ಅನಿಲದ ಕಡೆಗೆ ತಿರುಗಿಸಿತು.

ಬ್ಯಾಕ್ಟೀರಿಯಾಕ್ಕೆ ಕೆಲಸ ಬರುತ್ತಿರಲಿಲ್ಲ ಎಂದಲ್ಲ. ದಂಟು ಹಗುರ, ಜಾಗ ಬಹಳ ಹಿಡಿಯುತ್ತದೆ. ಒಂದು ಟ್ರ್ಯಾಕ್ಟರ್ ತುಂಬ ಹೇರಿದರೂ ತೂಕ ಇಷ್ಟೇ. ಅದನ್ನು ಕೂಡಿಸಿ, ಕಟ್ಟಿ, ಸಾಗಿಸಿ, ಬೆಂಕಿ ಮತ್ತು ಮಳೆಯಿಂದ ಕಾಪಾಡಿ, ವರ್ಷವಿಡೀ ಇಡಬೇಕು. ಅದರ ಜೊತೆ ಬರುವ ಮಣ್ಣು ಮತ್ತು ಮರಳು ಯಂತ್ರ ಸವೆಸುತ್ತದೆ. ಗೋಡೆ ಒಡೆಯುವ ಕಿಣ್ವಕ್ಕೆ ಖರ್ಚು. ನಮ್ಮ ಅಬ್ಬಾಗೆ ಈ ಕಥೆ ಹೇಳಿದೆ. ಅವರು ನಕ್ಕು, ‘ಮಷಿನ್ ನಡೆಸೋದು ಸುಲಭ, ಹೊಲದಿಂದ ಹೊಲಕ್ಕೆ ಒಯ್ಯೋದೇ ಕಷ್ಟ’ ಎಂದರು. ಅಯೋವಾದ ಎಂಜಿನಿಯರುಗಳು ಅಷ್ಟು ಖರ್ಚು ಮಾಡಿ ಕಲಿತ ಪಾಠವನ್ನು ಅವರು ಒಂದು ವಾಕ್ಯದಲ್ಲಿ ಹೇಳಿಬಿಟ್ಟರು.

ನಮ್ಮ ದೇಶದ ಉದಾಹರಣೆ ಹರಿಯಾಣದ ಪಾಣಿಪತ್. ಅಲ್ಲಿ ಇಂಡಿಯನ್ ಆಯಿಲ್ ಕಂಪನಿಯ 2ಜಿ ಎಥೆನಾಲ್ ಘಟಕ 2022ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. 900 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚ. ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್ ಎಥೆನಾಲ್ ಎಂಬ ಗುರಿ. ಭಾಗಿಸಿ ನೋಡಿ: ಒಂದು ಟನ್ ಹುಲ್ಲಿಗೆ 150 ಲೀಟರ್. ಒಂದು ಟನ್ ಗೋವಿನಜೋಳದ ಕಾಳಿಗೆ 380 ಲೀಟರ್ ಎಂದು ಮೇಲೆ ನೋಡಿದೆವು. ಅರ್ಧಕ್ಕಿಂತ ಕಡಿಮೆ. ಹೂಡಿದ ಬಂಡವಾಳ ನೋಡಿದರೆ ವರ್ಷದ ಒಂದು ಲೀಟರ್ ಸಾಮರ್ಥ್ಯಕ್ಕೆ 300 ರೂಪಾಯಿ. ಹಾಗಾಗಿಯೇ ಸರಕಾರ 2019ರಲ್ಲಿ ‘ಪ್ರಧಾನಮಂತ್ರಿ ಜೀ-ವನ್’ ಯೋಜನೆಯಲ್ಲಿ ಇಂಥ ಘಟಕಗಳಿಗೆ ಸಹಾಯಧನ ಇಟ್ಟಿತು. ನಮ್ಮ ಪಕ್ಕದ ಹರಿಹರ ತಾಲ್ಲೂಕಿನ ಹನಗವಾಡಿಯಲ್ಲಿ ದಿನಕ್ಕೆ 60 ಸಾವಿರ ಲೀಟರಿನ 2ಜಿ ಘಟಕಕ್ಕೆ ಎಂಆರ್‌ಪಿಎಲ್ ಯೋಜನೆ ರೂಪಿಸಿದ್ದೂ ಇದೇ ದಾರಿಯಲ್ಲಿ. ಹರಿಹರ ಅಂದರೆ ರಾಣೆಬೆನ್ನೂರು ದಾಟಿ ತುಂಗಭದ್ರೆಯ ಆಚೆ ದಡ. ಇಂಥ ಘಟಕ ಅಲ್ಲಿ ನಡೆದರೆ ಅದಕ್ಕೆ ದಂಟು-ದಿಂಡು ಹುಡುಕಿ ಬರುವ ಲಾರಿಗಳಿಗೆ ಹಾವೇರಿ ಜಿಲ್ಲೆ ದೂರವಲ್ಲ.

ಈಗ ಖರ್ಚು ಕಡಿಮೆ ಮಾಡಲು ಕಂಪನಿಯ ಕೈಯಲ್ಲಿ ಏನಿದೆ? ಬ್ಯಾಕ್ಟೀರಿಯಾಕ್ಕೆ ಬೆಲೆ ಇದೆ. ಯಂತ್ರಕ್ಕೆ ಬೆಲೆ ಇದೆ. ಕಿಣ್ವಕ್ಕೆ ಬೆಲೆ ಇದೆ. ಬೆಲೆ ಇಲ್ಲದ್ದು ಒಂದೇ, ದಿಂಡು ಮತ್ತು ದಂಟು. ‘ಅದು ಕಸ, ಸುಡುತ್ತೀರಿ, ನಾವೇ ತೆಗೆದುಕೊಂಡು ಹೋಗುತ್ತೇವೆ’ ಎಂಬ ಮಾತು ಬರುವುದು ಇಲ್ಲಿಂದಲೇ. ನನ್ನ ಆಕ್ಷೇಪವೂ ಇಲ್ಲಿಂದಲೇ ಶುರುವಾಗುತ್ತದೆ.

ಅದು ಕಸವೇ? ಒಂದು ಕ್ವಿಂಟಲ್ ಕಾಳು ಬರುವಲ್ಲಿ ಸುಮಾರು 15ರಿಂದ 20 ಕೆಜಿ ದಿಂಡು ಬರುತ್ತದೆ. ನಮ್ಮ ಓಣಿಯಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ಹಿರಿಯ ಹೆಣ್ಣುಮಗಳು ಸುಗ್ಗಿಯಲ್ಲಿ ಕೂಡಿಟ್ಟ ದಿಂಡಿನಿಂದ ಮಳೆಗಾಲದವರೆಗೂ ಒಲೆ ಉರಿಸುತ್ತಾರೆ. ಗ್ಯಾಸ್ ಸಿಲಿಂಡರ್ ಇದೆ, ಚಹಾಕ್ಕೆ ಮತ್ತು ಅತಿಥಿಗಳಿಗೆ. ಅವರಿಗೆ ಹೊಲ ಇಲ್ಲ. ನಾಳೆ ಹೊಲದವರು ದಿಂಡನ್ನು ಮಾರಿದರೆ ಹೊಲದವರಿಗೆ ಲಾಭ, ಸರಿಯೇ. ಆದರೆ ಇವರ ಚೀಲ ಖಾಲಿ. ನಮ್ಮ ಅರ್ಥಶಾಸ್ತ್ರದ ಪಾಠದಲ್ಲಿ ‘ಅವಕಾಶ ವೆಚ್ಚ’ ಎಂದು ಬರುತ್ತದೆ. ಒಂದನ್ನು ಆರಿಸಿಕೊಂಡರೆ ಕೈಬಿಟ್ಟ ಇನ್ನೊಂದರ ಬೆಲೆ. ಪರೀಕ್ಷೆಗೆ ಅದರ ವ್ಯಾಖ್ಯೆ ಬಾಯಿಪಾಠ ಮಾಡಿದ್ದೆ. ಅದು ಯಾರ ಜೇಬಿನಿಂದ ಹೋಗುತ್ತದೆ ಎಂದು ಯೋಚಿಸಿರಲಿಲ್ಲ. ದಂಟೂ ಹಾಗೆಯೇ. ಒಂದಿಷ್ಟು ದನದ ಹೊಟ್ಟೆಗೆ, ಒಂದಿಷ್ಟು ಮಣ್ಣಿಗೆ. ಪೂರ್ತಿ ಬಳಿದುಕೊಂಡು ಹೋದರೆ ಮುಂದಿನ ವರ್ಷ ಗೊಬ್ಬರದ ಚೀಲ ಒಂದು ಹೆಚ್ಚು ಬೇಕು. ಅದೂ ಖರ್ಚೇ.

ಹಾಗೆಂದು ಈಗ ಇರುವುದೇ ಚೆನ್ನ ಎಂದೂ ನಾನು ಹೇಳಲಾರೆ. ದಿಂಡಿನ ಹೊಗೆಯಲ್ಲಿ ಕೆಮ್ಮುತ್ತಾ ನೀರು ಕಾಯಿಸುವುದು ನಮ್ಮ ಅಮ್ಮಿ. ಹಿಂಗಾರಿಗೆ ಹೊಲ ಬೇಗ ತೆರವಾಗಲಿ ಎಂದು ದಂಟಿಗೆ ಬೆಂಕಿ ಹಚ್ಚುವುದನ್ನು ನಾವೆಲ್ಲ ನೋಡಿದ್ದೇವೆ. ಅದು ಇಸ್ರಾಫ್ ಅಲ್ಲದೆ ಇನ್ನೇನು? ಸುಟ್ಟು ಹೊಗೆಯಾಗುವುದು ಇಂಧನವಾದರೆ ಒಳ್ಳೆಯದೇ. ಹೊರದೇಶದಿಂದ ತರಿಸುವ ಕಚ್ಚಾ ತೈಲ ಅಷ್ಟಾದರೂ ಉಳಿಯುತ್ತದೆ. ಕಾಳು ಕೋಳಿಗೆ, ಮನುಷ್ಯರಿಗೆ ಉಳಿಯುತ್ತದೆ. ಆದ್ದರಿಂದಲೇ ನಾನು ಈ ಬ್ಯಾಕ್ಟೀರಿಯಾದ ಪರ. ಆದರೆ ಮೂರು ಮಾತು ಮೊದಲೇ ಕಾಗದದ ಮೇಲೆ ಬರಬೇಕು.

ಮೊದಲನೆಯದು ಬೆಲೆ. ಕಬ್ಬಿಗೆ ಕೇಂದ್ರ ಸರಕಾರ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ ನಿಗದಿ ಮಾಡುತ್ತದೆ. ಕಾರ್ಖಾನೆ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ದಂಟು-ದಿಂಡಿನ ಎಥೆನಾಲಿಗೆ ಸಹಾಯಧನ ಪಡೆಯುವ ಪ್ರತಿ ಘಟಕಕ್ಕೂ ಹಾಗೆಯೇ ಟನ್ನಿಗೆ ಇಷ್ಟು ಎಂದು ಕನಿಷ್ಠ ದರ ಇರಬೇಕು. ಅದು ಘಟಕ ಕಟ್ಟುವ ಮೊದಲೇ ಪ್ರಕಟವಾಗಬೇಕು. ತೂಕದ ಚೀಟಿ ರೈತನ ಕೈಗೆ ಕನ್ನಡದಲ್ಲಿ ಸಿಗಬೇಕು. ಗೋವಿನಜೋಳದ ಬೆಂಬಲ ಬೆಲೆಯಂತೆ ಹೆಸರಿಗೆ ಮಾತ್ರ ಇರಬಾರದು.

ಎರಡನೆಯದು ಪಾಲು. ಪೂರ್ತಿ ಒಯ್ಯುವಂತಿಲ್ಲ. ಮಣ್ಣಿಗೆ ಎಷ್ಟು, ದನಕ್ಕೆ ಎಷ್ಟು ಬಿಡಬೇಕು ಎಂಬುದನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯದಂಥವರು ನಮ್ಮ ಮಣ್ಣು ನೋಡಿ ಹೇಳಬೇಕು. ಹೊಲ ಇಲ್ಲದೆ ದಿಂಡು ಆಯ್ದು ಬದುಕುವವರಿಗೆ ಬದಲಿ ಏನು ಎಂಬುದು ಗ್ರಾಮಸಭೆಯಲ್ಲಿ ತೀರ್ಮಾನವಾಗಬೇಕು. ದಿಂಡು ಕೂಡಿಸುವ, ಕಟ್ಟುವ ಕೂಲಿಯನ್ನು ಅವರ ಸ್ವಸಹಾಯ ಗುಂಪಿಗೇ ಕೊಟ್ಟರೆ, ಕಳೆದುಕೊಂಡವರೇ ಗಳಿಸುವವರೂ ಆಗಬಹುದು.

ಮೂರನೆಯದು ಮಾಹಿತಿ. ಯಾವ ಜೀವಿ ಬಳಸುತ್ತಾರೆ, ಅದರ ಜೀನ್ ಏಕೆ ಬದಲಿಸಿದ್ದಾರೆ, ಟ್ಯಾಂಕಿನ ನೀರನ್ನು ಏನು ಮಾಡುತ್ತಾರೆ, ಎಷ್ಟು ನೀರು ಎಳೆಯುತ್ತಾರೆ ಎಂಬುದನ್ನು ಸುತ್ತಲಿನ ಊರಿನವರಿಗೆ ಕನ್ನಡದಲ್ಲಿ ಹೇಳಬೇಕು. ಇಂಗ್ಲಿಷಿನ ನೂರು ಪುಟದ ವರದಿ ಕಚೇರಿಯಲ್ಲಿ ಇಟ್ಟಿದ್ದೇವೆ ಎಂದರೆ ಹೇಳಿದಂತಾಗುವುದಿಲ್ಲ. ತಿಳಿಯದಿದ್ದಾಗಲೇ ಭಯ ಹುಟ್ಟುತ್ತದೆ, ಆಮೇಲೆ ಬೆಂಕಿ.

ಇದೆಲ್ಲ ದೊಡ್ಡವರ ಮಾತು, ಪಿಯುಸಿ ಮಕ್ಕಳಿಗೆ ಏಕೆ ಎಂದು ಕೇಳಬಹುದು. ನಮ್ಮಲ್ಲಿ ಕೆಲವರು ಮುಂದೆ ಬಿಎಸ್ಸಿ ಮಾಡಿ ಆ ಟ್ಯಾಂಕಿನ ಮುಂದೆ ನಿಲ್ಲುತ್ತಾರೆ. ಕೆಲವರು ಬಿಕಾಂ ಮಾಡಿ ಅದೇ ಕಾರ್ಖಾನೆಯ ಲೆಕ್ಕ ಬರೆಯುತ್ತಾರೆ. ಹೆಚ್ಚಿನವರ ಮನೆಯವರು ಅದಕ್ಕೆ ದಂಟು ಹೇರುತ್ತಾರೆ. ಮೂವರೂ ಇವತ್ತು ಒಂದೇ ಕಾಲೇಜಿನಲ್ಲಿ, ಒಂದೇ ನಲ್ಲಿಯ ನೀರು ಕುಡಿಯುತ್ತಿದ್ದೇವೆ. ಮುಂದೆ ಮೂರು ಕಡೆ ಕೂತು ಮಾತನಾಡುವುದು ಕಷ್ಟ, ಈಗ ಸುಲಭ.

ಅದಕ್ಕೆ ನನ್ನದೊಂದು ಸಣ್ಣ ಕೋರಿಕೆ. ಮುಂದಿನ ಸುಗ್ಗಿಯಲ್ಲಿ ನಾವು ಹತ್ತು ಜನ ಸೇರಿ, ವಿಜ್ಞಾನದವರು ಐದು, ವಾಣಿಜ್ಯದವರು ಐದು, ದುಂಡಸಿಯ ಸುತ್ತಲಿನ ಹತ್ತು ಕಣಗಳಿಗೆ ಹೋಗೋಣ. ಎಷ್ಟು ಚೀಲ ಕಾಳು ಬಂತು, ಎಷ್ಟು ದಿಂಡು ಉಳಿಯಿತು, ಯಾರು ಒಯ್ದರು, ಯಾವುದಕ್ಕೆ ಬಳಸಿದರು, ಎಷ್ಟು ಸುಟ್ಟರು ಎಂದು ಬರೆದುಕೊಳ್ಳೋಣ. ತೂಕದ ಯಂತ್ರವನ್ನು ಅಬ್ಬಾ ಕೊಡಿಸುತ್ತೇನೆ ಎಂದಿದ್ದಾರೆ. ನಮ್ಮ ಉಪನ್ಯಾಸಕರು ಒಪ್ಪಿದರೆ ಆ ಲೆಕ್ಕವನ್ನು ಇದೇ ಪತ್ರಿಕೆಯಲ್ಲಿ ಪ್ರಕಟಿಸೋಣ. ಯಾವಾಗಲೋ ಒಂದು ದಿನ ಕಂಪನಿಯವರು ಊರಿಗೆ ಬಂದು ‘ಇಲ್ಲಿ ಬಹಳ ಕಸ ಇದೆಯಂತೆ’ ಎಂದರೆ, ‘ಕಸ ಅಲ್ಲ ಸಾರ್, ಇಷ್ಟು ಟನ್ ಇದೆ, ಇಷ್ಟನ್ನು ಬಿಡಬೇಕು, ಇಷ್ಟಕ್ಕೆ ದರ ಹೇಳಿ’ ಎಂದು ಹೇಳಲು ನಮ್ಮ ಹತ್ತಿರ ಒಂದು ಹಾಳೆಯಾದರೂ ಇರುತ್ತದೆ.

ಹೆಸರು ಕೊಡುವವರು ವಾಣಿಜ್ಯ ವಿಭಾಗದ ದ್ವಿತೀಯ ವರ್ಷದ ಕೋಣೆಗೆ ಬನ್ನಿ. ಬ್ಯಾಕ್ಟೀರಿಯಾದ ಪಾಠ ನೀವು ನಮಗೆ ಹೇಳಿಕೊಡಿ, ಲೆಕ್ಕ ನಾವು ಬರೆಯುತ್ತೇವೆ.